ಮೆಟಿಯೋರಾ: ಬಂಡೆಯ ನೆತ್ತಿಗೆ ಮಠಗಳು ಏರಿದ್ದು ಏಕೆ, ಹೇಗೆ?

ಪ್ರಶ್ನೆ: ಗ್ರೀಸ್ ದೇಶದಲ್ಲಿ ಕಡಿದಾದ ಬಂಡೆಗಳ ನೆತ್ತಿಯ ಮೇಲೆ ಕಟ್ಟಿರುವ ಕ್ರೈಸ್ತ ಮಠಗಳ ಚಿತ್ರಗಳನ್ನು ನೋಡಿದೆ. ತುರ್ಕರ ದಾಳಿಗೆ ಹೆದರಿದ ಸನ್ಯಾಸಿಗಳು ಅಲ್ಲಿ ಅಡಗಿಕೊಂಡರು ಎಂದು ಪ್ರವಾಸದ ಕಿರುಹೊತ್ತಗೆಯೊಂದರಲ್ಲಿ ಓದಿದೆ. ಇದು ನಿಜವೇ? ಇವು ಕ್ರೈಸ್ತ ಧರ್ಮದ ಅತಿ ಪ್ರಾಚೀನ ನೆಲೆಗಳೇ? ಮೆಟ್ಟಿಲುಗಳಿಲ್ಲದ ಕಾಲದಲ್ಲಿ ಕಲ್ಲು, ನೀರು, ಧಾನ್ಯ ಮೇಲಕ್ಕೆ ಹೋದದ್ದು ಹೇಗೆ? ಇವನ್ನು ಆರ್ಥೊಡಾಕ್ಸ್ ಮಠಗಳೆನ್ನುತ್ತಾರೆ. ನಮ್ಮ ಬ್ರಹ್ಮಾವರದಲ್ಲಿಯೂ ಆರ್ಥೊಡಾಕ್ಸ್ ಸಿರಿಯನ್ ಇಗರ್ಜಿ ಇದೆ. ಎರಡೂ ಒಂದೇ ಸಭೆಗೆ ಸೇರಿದವೇ?

ಉತ್ತರ: ನೀವು ನೋಡಿದ್ದು ಮೆಟಿಯೋರಾದ ಚಿತ್ರಗಳು ಎಂಬುದರಲ್ಲಿ ಸಂದೇಹವಿಲ್ಲ. ಥೆಸಲಿಯ ಬಯಲು ಪಿಂಡಸ್ ಪರ್ವತಸಾಲನ್ನು ಮುಟ್ಟುವ ಕಡೆ, ಕಲಂಬಾಕ ಎಂಬ ಸಣ್ಣ ಪಟ್ಟಣದ ಬೆನ್ನಿಗೇ ಈ ಬಂಡೆಗಳು ಎದ್ದು ನಿಂತಿವೆ. ಕೆಲವು ಕಣಿವೆಯ ನೆಲದಿಂದ ಸುಮಾರು 400 ಮೀಟರ್ ಎತ್ತರ ಇವೆ. ಪುರಾತನ ಕಾಲದ ನದಿಯೊಂದು ತನ್ನ ಅಳಿವೆಯಲ್ಲಿ ತಂದು ಸುರಿದ ಉರುಟುಗಲ್ಲು ಮತ್ತು ಮರಳು ಗಟ್ಟಿಯಾಗಿ, ಭೂಮಿಯ ಒತ್ತಡಕ್ಕೆ ಮೇಲೆದ್ದು, ಆಮೇಲೆ ಬಿರುಕುಗಳಗುಂಟ ಮಳೆಗಾಳಿಗೆ ಸವೆದು ಈ ಕಂಬಗಳಾದವು. ಹತ್ತಿರದಿಂದ ನೋಡಿದರೆ ಜಲ್ಲಿ ಎದ್ದು ಕಾಣುವ ಹಳೆಯ ಕಾಂಕ್ರೀಟಿನಂತೆಯೇ ಇರುತ್ತದೆ. ಗ್ರೀಕ್ ಭಾಷೆಯಲ್ಲಿ ಮೆಟಿಯೋರಾ ಎಂದರೆ ಗಾಳಿಯಲ್ಲಿ ತೂಗುತ್ತಿರುವಂಥವು ಎಂದು ಅರ್ಥ. ಯುನೆಸ್ಕೊ 1988ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಿಸರ್ಗ, ಸಂಸ್ಕೃತಿ ಎರಡರ ಲೆಕ್ಕದಲ್ಲಿಯೂ ಸೇರಿಸಿತು.

ಪ್ರಾಚೀನತೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಮೆಟಿಯೋರಾದ ಮಠಗಳು ಪ್ರಾಚೀನವಲ್ಲ, ಮಧ್ಯಯುಗದವು. ಅವುಗಳಲ್ಲಿ ಅತಿ ಹಳೆಯದಕ್ಕೂ ಏಳು ಶತಮಾನ ಇನ್ನೂ ತುಂಬಿಲ್ಲ. ಆ ಸುತ್ತಿನಲ್ಲಿ ನಿಜಕ್ಕೂ ಹಳೆಯದಾದದ್ದು ಕೆಳಗೆ ಊರೊಳಗೆ ಇದೆ. ಕಲಂಬಾಕದಲ್ಲಿ ದೇವಮಾತೆಗೆ ಅರ್ಪಿತವಾದ ಇಗರ್ಜಿಯೊಂದಿದ್ದು, ಹತ್ತು ಹನ್ನೊಂದನೆಯ ಶತಮಾನಗಳ ಆ ಕಟ್ಟಡವು ಅದಕ್ಕಿಂತ ಬಹಳ ಹಿಂದಿನ ಇನ್ನೊಂದು ಇಗರ್ಜಿಯ ಅವಶೇಷಗಳ ಮೇಲೆ ನಿಂತಿದೆ. ಅದರ ನಡು ಅಂಕಣದಲ್ಲಿ, ಎರಡೂ ಕಡೆ ಮೆಟ್ಟಿಲುಗಳಿರುವ ಅಮೃತಶಿಲೆಯ ವಾಚನಪೀಠವೊಂದು ಆದಿ ಕ್ರೈಸ್ತ ಕಾಲದಿಂದ ಉಳಿದು ಬಂದಿದೆ. ಬಸ್ಸಿನಿಂದಿಳಿದ ಪ್ರವಾಸಿಗರು ನೇರವಾಗಿ ಬಂಡೆಗಳ ಕಡೆಗೆ ಧಾವಿಸುವುದರಿಂದ ಇದನ್ನು ನೋಡುವವರು ಕಡಿಮೆ. ಮಧ್ಯಯುಗದಲ್ಲಿ ಈ ಊರಿನ ಹೆಸರು ಸ್ತಾಗಿ; ಇದು ಬಿಷಪ್ಪರ ಪೀಠವಾಗಿತ್ತು. ಬಂಡೆಗಳ ಮೇಲೆ ಮಠಗಳು ಹುಟ್ಟುವ ಮೊದಲೇ ಕೆಳಗೆ ವ್ಯವಸ್ಥಿತವಾದ ಕ್ರೈಸ್ತ ಸಭೆ ಇತ್ತೆಂಬುದು ಇದರಿಂದ ಸ್ಪಷ್ಟ.

ಆದರೆ ಊರು ಬಿಟ್ಟು ಏಕಾಂತಕ್ಕೆ ಹೋಗುವ ಸಂಪ್ರದಾಯದ ಬೇರು ಗ್ರೀಸಿನಲ್ಲಿಲ್ಲ, ಈಜಿಪ್ಟಿನಲ್ಲಿದೆ. 356ರಲ್ಲಿ ತೀರಿಕೊಂಡ ಸಂತ ಅಂತೋಣಿಯು ನೈಲ್ ನದಿಯ ದಂಡೆಯ ಹಳ್ಳಿಗಳನ್ನು ತೊರೆದು ಮರುಭೂಮಿಯ ಬೆಟ್ಟಕ್ಕೆ ಹೋಗಿ ನೆಲೆಸಿದನು. (ಡೋರ್ನಹಳ್ಳಿಯ ಬೆಸಿಲಿಕಾದಲ್ಲಿ ಹರಕೆ ಹೊರುವುದು ಈತನಿಗಲ್ಲ, ಅಲ್ಲಿಯವನು ಹದಿಮೂರನೆಯ ಶತಮಾನದ ಪಾದುವಾದ ಅಂತೋಣಿ. ಹೆಸರು ಒಂದೇ ಆದ್ದರಿಂದ ಈ ಗೊಂದಲ ನಮ್ಮಲ್ಲಿ ಸಾಮಾನ್ಯ.) ಅದೇ ನಾಲ್ಕನೆಯ ಶತಮಾನದಲ್ಲಿ ಪಖೋಮಿಯಸ್ ಎಂಬವನು ಒಂಟಿ ತಪಸ್ವಿಗಳನ್ನು ಒಂದೇ ಆವರಣದೊಳಗೆ, ಒಂದೇ ಊಟದ ಮನೆಯಲ್ಲಿ, ಒಂದೇ ನಿಯಮದ ಕೆಳಗೆ ಸೇರಿಸಿದನು. ಒಂಟಿ ಗುಹೆ ಮತ್ತು ಕೂಡುಮಠ, ಈ ಎರಡು ಮಾದರಿಗಳ ನಡುವಿನ ಎಳೆದಾಟವೇ ಮುಂದಿನ ಸಾವಿರದ ಐನೂರು ವರ್ಷಗಳ ಪೂರ್ವದೇಶದ ಸನ್ಯಾಸದ ಕಥೆ ಎಂದರೆ ತಪ್ಪಾಗಲಾರದು.

ಎತ್ತರದ ಆಸೆ ಬಂದದ್ದು ಸಿರಿಯಾದಿಂದ. ಸಿಮಿಯೋನ್ ಎಂಬ ಸಂತನು ಅಲೆಪ್ಪೋ ಬಳಿಯ ಬೆಟ್ಟದಲ್ಲಿ ಕಂಬವೊಂದರ ತುದಿಯ ಮೇಲೆ ದಶಕಗಳ ಕಾಲ ನಿಂತು ತಪಸ್ಸು ಮಾಡಿ 459ರಲ್ಲಿ ಅಲ್ಲಿಯೇ ಪ್ರಾಣ ಬಿಟ್ಟನು. ಅವನು ನಿಂತಿದ್ದ ಕಂಬವನ್ನೇ ನಡುವಿಗಿಟ್ಟುಕೊಂಡು ನಾಲ್ಕು ದಿಕ್ಕಿಗೂ ಚಾಚಿದ ಶಿಲುಬೆಯಾಕಾರದ ಮಹಾ ಇಗರ್ಜಿಯು ಅದೇ ಶತಮಾನದ ಕೊನೆಗೆ ಎದ್ದಿತು. ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠವನ್ನೂ ಬೆಟ್ಟದ ತುದಿಯ ಮಠವೆಂದು ಹಲವರು ಬರೆಯುತ್ತಾರೆ. ಅದು ತಪ್ಪು. ಸಿನಾಯ್ ಶಿಖರ 2,285 ಮೀಟರ್ ಎತ್ತರವಿದ್ದರೆ, ಮಠವು ಅದರ ಬುಡದ ಕಣಿವೆಯಲ್ಲಿದೆ. ಮೇಲಿರುವುದು ಚಿಕ್ಕ ಪ್ರಾರ್ಥನಾಲಯ ಮಾತ್ರ. ಆ ಮಠದ ಇಗರ್ಜಿಯ ಮಾಡಿನ ತೊಲೆಗಳ ಮೇಲೆ ಚಕ್ರವರ್ತಿ ಜಸ್ಟಿನಿಯನ್‌ನನ್ನು ಬದುಕಿರುವವನೆಂದೂ ಅವನ ರಾಣಿ ಥಿಯೊಡೋರಾಳನ್ನು ದಿವಂಗತಳೆಂದೂ ನೆನೆಯುವ ಬರಹಗಳಿವೆ. ರಾಣಿ ತೀರಿಕೊಂಡದ್ದು 548ರಲ್ಲಿ, ಚಕ್ರವರ್ತಿ 565ರಲ್ಲಿ. ಹೀಗಾಗಿ ಕಟ್ಟಡದ ಕಾಲ ಈ ಹದಿನೇಳು ವರ್ಷಗಳ ನಡುವೆ ಬೀಳುತ್ತದೆ. ಶಾಸನ ಓದುವವರಿಗೆ ಇಂಥ ತೊಲೆಗಳು ಸಿಗುವುದು ಅಪರೂಪ.

ಇನ್ನು ಮೆಟಿಯೋರಾಕ್ಕೆ ಬರೋಣ. ಹನ್ನೊಂದನೆಯ ಶತಮಾನದ ಹೊತ್ತಿಗೆ ಇಲ್ಲಿನ ಬಂಡೆಗಳ ಪೊಟರೆಗಳಲ್ಲಿ ಒಂಟಿ ತಪಸ್ವಿಗಳು ನೆಲೆಸಿದ್ದರು. ವಾರವೆಲ್ಲ ತಮ್ಮ ತಮ್ಮ ಗುಹೆಗಳಲ್ಲಿ ಇದ್ದು, ಭಾನುವಾರ ಮಾತ್ರ ದೂಪಿಯಾನಿ ಎಂಬ ಬಂಡೆಯ ಬುಡದಲ್ಲಿದ್ದ ದೇವಮಾತೆಯ ಪುಟ್ಟ ಇಗರ್ಜಿಯಲ್ಲಿ ಕೂಡುತ್ತಿದ್ದರು. ಅವರಿಗೆ ಒಬ್ಬ ಹಿರಿಯನೂ ಇದ್ದನು. ಇದು ಈಜಿಪ್ಟಿನ ಹಳೆಯ ಮಾದರಿಯೇ. ಇವರು ಬಂಡೆಯ ನೆತ್ತಿಗೆ ಹೋಗಲಿಲ್ಲ, ಪಕ್ಕೆಯ ಪೊಟರೆಗಳಲ್ಲಿಯೇ ಉಳಿದರು ಎಂಬುದನ್ನು ಗಮನಿಸಬೇಕು. ಏಕಾಂತಕ್ಕೆ ಗುಹೆ ಸಾಕು. ನೆತ್ತಿಯ ಸಮತಟ್ಟು ಬೇಕಾಗುವುದು ಇಗರ್ಜಿ, ಊಟದ ಮನೆ, ಅಡುಗೆಮನೆ, ಕಣಜ, ನೀರಿನ ತೊಟ್ಟಿ ಎಲ್ಲವನ್ನೂ ಒಟ್ಟಿಗೆ ಕಟ್ಟುವವನಿಗೆ.

ಅಂಥವನು ಬಂದದ್ದು ಹದಿನಾಲ್ಕನೆಯ ಶತಮಾನದಲ್ಲಿ. ಅವನ ಹೆಸರು ಅಥನಾಸಿಯೋಸ್. ಅವನು ಹುಟ್ಟಿದ ನಿಯೊಪಾತ್ರಾಸ್ ಪಟ್ಟಣವು ಅವನ ಎಳವೆಯಲ್ಲಿಯೇ ಕತಲಾನ್ ಕೂಲಿ ಸೈನಿಕರ ಪಾಲಾಯಿತು. ಆಮೇಲೆ ಅವನು ಆಥೋಸ್ ಪರ್ವತವನ್ನು ಸೇರಿದನು. ಆಥೋಸ್ ಎಂದರೆ ಏಜಿಯನ್ ಸಮುದ್ರಕ್ಕೆ ಚಾಚಿದ ಪರ್ಯಾಯದ್ವೀಪ. 963ರಲ್ಲಿ ಅಲ್ಲಿ ಮಹಾ ಲಾವ್ರಾ ಮಠ ಸ್ಥಾಪನೆಯಾದಂದಿನಿಂದ ಆರ್ಥೊಡಾಕ್ಸ್ ಸನ್ಯಾಸದ ರಾಜಧಾನಿ. ಅಲ್ಲಿ ಆ ಕಾಲದಲ್ಲಿ ಹೆಸಿಕಾಸಂ ಎಂಬ ಮೌನಸಾಧನೆಯ ಪಂಥ ಪ್ರಬಲವಾಗಿತ್ತು. ‘ದೇವಪುತ್ರನಾದ ಪ್ರಭು ಯೇಸು ಕ್ರಿಸ್ತನೇ, ಪಾಪಿಯಾದ ನನ್ನನ್ನು ಕರುಣಿಸು’ ಎಂಬ ಪುಟ್ಟ ಪ್ರಾರ್ಥನೆಯನ್ನು ಉಸಿರಿನ ಲಯಕ್ಕೆ ಹೊಂದಿಸಿ, ಗಂಟು ಹಾಕಿದ ಉಣ್ಣೆಯ ದಾರದಲ್ಲಿ ಎಣಿಸುತ್ತ ಜಪಿಸುವುದು ಅದರ ತಿರುಳು. ನಾಮಜಪ ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲವಾದರೂ, ಎರಡರ ದೇವತಾಶಾಸ್ತ್ರ ಬೇರೆ ಬೇರೆ ಎಂಬುದನ್ನು ಮರೆಯಬಾರದು. ಕಡಲಿನಿಂದ ಬಂದು ಆಥೋಸನ್ನು ದೋಚುತ್ತಿದ್ದ ತುರ್ಕ ಕಡಲ್ಗಳ್ಳರ ಕಾಟ ತಾಳಲಾರದೆ ಅಥನಾಸಿಯೋಸನು ತನ್ನ ಗುರು ಗ್ರೆಗೊರಿಯೊಡನೆ ಒಳನಾಡಿನ ಈ ಬಂಡೆಗಳಿಗೆ ಬಂದನು. ಕೆಲವು ಕಾಲ ಸಣ್ಣ ಬಂಡೆಯೊಂದರ ಮೇಲೆ ಇದ್ದು, 1340ರ ದಶಕದ ಸುಮಾರಿಗೆ ಎಲ್ಲಕ್ಕಿಂತ ವಿಶಾಲವಾದ ಪ್ಲಾಟಿಸ್ ಲಿಥೋಸ್, ಅಂದರೆ ‘ಅಗಲಗಲ್ಲು’ ಎಂಬ ಬಂಡೆಯ ನೆತ್ತಿಯ ಮೇಲೆ ಕೂಡುಮಠ ಸ್ಥಾಪಿಸಿದನು. ಅದೇ ಇಂದಿನ ಮಹಾ ಮೆಟಿಯೋರೋನ್.

ಈಗ ನಿಮ್ಮ ಮುಖ್ಯ ಪ್ರಶ್ನೆ: ತುರ್ಕರ ಭಯವೇ ಕಾರಣವೇ? ಕಿರುಹೊತ್ತಗೆ ಹೇಳಿದ್ದು ಅರ್ಧ ಸತ್ಯ, ಮತ್ತು ಅರ್ಧ ಸತ್ಯವನ್ನು ತಿದ್ದುವುದು ಪೂರ್ತಿ ಸುಳ್ಳನ್ನು ತಿದ್ದುವುದಕ್ಕಿಂತ ಕಷ್ಟ. ಆಥೋಸಿನಲ್ಲಿ ಆದ ದಾಳಿಗಳು ಅಥನಾಸಿಯೋಸನನ್ನು ಅಲ್ಲಿಂದ ಎಬ್ಬಿಸಿದ್ದು ನಿಜ. ಆದರೆ ಥೆಸಲಿಯನ್ನು ಆಟೊಮನ್ ತುರ್ಕರು ಗೆದ್ದದ್ದು 1393ರಲ್ಲಿ. ಆಗ ಮಹಾ ಮೆಟಿಯೋರೋನ್ ಹುಟ್ಟಿ ಅರ್ಧ ಶತಮಾನ ಕಳೆದು, ಅದರ ಸ್ಥಾಪಕನೂ ತೀರಿಕೊಂಡಿದ್ದನು. ಮಠ ಎದ್ದ ದಿನಗಳಲ್ಲಿ ಈ ಬಯಲನ್ನು ತುಳಿಯುತ್ತಿದ್ದವರು ಕ್ರೈಸ್ತರೇ: ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಅಂತರ್ಯುದ್ಧದ ಸೈನ್ಯಗಳು, ಅಲ್ಬೇನಿಯಾದ ಗುಂಪುಗಳು, 1348ರಲ್ಲಿ ಥೆಸಲಿಯನ್ನು ವಶಪಡಿಸಿಕೊಂಡ ಸರ್ಬಿಯಾದ ದೊರೆ ಸ್ಟೆಫಾನ್ ದೂಶಾನ್. ಅಲ್ಲದೆ ಬರಿಯ ಅಡಗುತಾಣ ಬೇಕಿದ್ದವನು ಅಷ್ಟು ಕಟ್ಟುನಿಟ್ಟಾದ ನಿಯಮಾವಳಿಯನ್ನು ರೂಪಿಸುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಆಸ್ತಿ ಯಾರೊಬ್ಬನದೂ ಅಲ್ಲ, ಎಲ್ಲರಿಗೂ ಒಂದೇ ಊಟ, ಹೆಂಗಸರಿಗೆ ಪ್ರವೇಶವಿಲ್ಲ ಎಂಬ ಆಥೋಸಿನ ಪದ್ಧತಿಯನ್ನು ಅವನು ಇಲ್ಲಿ ನೆಟ್ಟನು. ಬಂಡೆಯ ಎತ್ತರವು ಆ ನಿಯಮಕ್ಕೆ ಬೇಲಿಯಾಯಿತು, ಕಳ್ಳರ ಕಾಲದಲ್ಲಿ ಕೋಟೆಯೂ ಆಯಿತು. ಎರಡರಲ್ಲಿ ಮೊದಲನೆಯದೇ ಮುಖ್ಯವೆಂದು ನನ್ನ ತಿಳಿವಳಿಕೆ.

ಅವನ ಉತ್ತರಾಧಿಕಾರಿಯ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ದೂಶಾನ್ ಸತ್ತ ಮೇಲೆ ಅವನ ಮಲತಮ್ಮ ಸಿಮಿಯೋನ್ ಉರೋಷ್ ಹತ್ತಿರದ ತ್ರಿಕಾಲ ಪಟ್ಟಣದಿಂದ ಥೆಸಲಿಯನ್ನು ಆಳಿದನು. ಅವನ ಮಗ ಜಾನ್ ಉರೋಷ್ ಪಟ್ಟವೇರಿ ಕೆಲವೇ ವರ್ಷಗಳಲ್ಲಿ ಸಿಂಹಾಸನ ಬಿಟ್ಟು, ಯೋಸಾಫ್ ಎಂಬ ಹೆಸರಿನಿಂದ ಅಥನಾಸಿಯೋಸನ ಶಿಷ್ಯನಾದನು. ರಾಜಕುಮಾರನೊಡನೆ ಹಣವೂ ಸಂಪರ್ಕಗಳೂ ಬಂದವು. 1387–88ರಲ್ಲಿ ಅವನು ಗುರು ಕಟ್ಟಿದ್ದ ಇಗರ್ಜಿಯನ್ನು ದೊಡ್ಡದಾಗಿ ಕಟ್ಟಿಸಿದನು. 1544–45ರಲ್ಲಿ ಇನ್ನೂ ದೊಡ್ಡ ಇಗರ್ಜಿ ಕಟ್ಟಬೇಕಾದಾಗ ಸನ್ಯಾಸಿಗಳು ಯೋಸಾಫನ ಕಟ್ಟಡವನ್ನು ಕೆಡವಲಿಲ್ಲ. ಅದನ್ನೇ ಹೊಸ ಇಗರ್ಜಿಯ ಗರ್ಭಗುಡಿಯಾಗಿ ಉಳಿಸಿಕೊಂಡು ಅದರ ಮುಂದಕ್ಕೆ ಹೊಸದನ್ನು ಬೆಳೆಸಿದರು. ಹಳೆಯ ಭಾಗದಲ್ಲಿ 1483ರ ಭಿತ್ತಿಚಿತ್ರಗಳಿವೆ, ಹೊಸ ಭಾಗದಲ್ಲಿ 1552ರವು. ಒಂದೇ ಮಾಡಿನ ಕೆಳಗೆ ಕೆಲವು ಹೆಜ್ಜೆಗಳಲ್ಲಿ ಎರಡು ಶತಮಾನಗಳ ಚಿತ್ರಶೈಲಿ ಎದುರುಬದುರಾಗುತ್ತದೆ.

ಈ ಕೊನೆಯ ಇಸವಿಗಳನ್ನು ಇನ್ನೊಮ್ಮೆ ನೋಡಿ. ಇವೆಲ್ಲ ತುರ್ಕರ ಆಳ್ವಿಕೆಯ ಕಾಲದವು. ಮೆಟಿಯೋರಾದಲ್ಲಿ ಮಠಗಳ ಸಂಖ್ಯೆ 24ಕ್ಕೆ ಏರಿದ್ದೂ, ಅಲ್ಲಿನ ಅತ್ಯುತ್ತಮ ಕಟ್ಟಡ ಮತ್ತು ಚಿತ್ರಗಳು ಮೂಡಿದ್ದೂ ಸುಲ್ತಾನರ ಆಡಳಿತದಲ್ಲಿಯೇ. ಕ್ರೀಟ್ ದ್ವೀಪದ ಥಿಯೊಫಾನಿಸ್ ಎಂಬ ಮಹಾ ಚಿತ್ರಕಾರನು 1527ರಲ್ಲಿ ಸಂತ ನಿಕೊಲಾಸ್ ಅನಪಾಫ್ಸಾಸ್ ಮಠದ ಗೋಡೆಗಳ ಮೇಲೆ ಬರೆದು ಸಹಿ ಹಾಕಿದ್ದಾನೆ. ಅವನ ಕೈಬರಹ ದೊರೆತ ಅತಿ ಹಳೆಯ ಕೃತಿ ಅದು, ಆಥೋಸಿನ ದೊಡ್ಡ ಕೆಲಸಗಳು ಆಮೇಲಿನವು. ಆ ಇಗರ್ಜಿ ಎಷ್ಟು ಇಕ್ಕಟ್ಟೆಂದರೆ ನಾಲ್ಕಾರು ಜನ ಒಳಗೆ ಬಂದರೆ ಚಿತ್ರ ನೋಡಲು ಹಿಂದೆ ಸರಿಯುವುದಕ್ಕೆ ಜಾಗವಿರುವುದಿಲ್ಲ. ವರ್ಲಾಮ್ ಮಠವನ್ನು ಯಾನಿನಾ ಪಟ್ಟಣದ ಸಿರಿವಂತ ಮನೆತನದ ಅಣ್ಣತಮ್ಮಂದಿರಾದ ಥಿಯೊಫಾನಿಸ್ ಮತ್ತು ನೆಕ್ತಾರಿಯೋಸ್ ಅಪ್ಸರಾಸ್ 1517–18ರಲ್ಲಿ ಪುನಃ ಎಬ್ಬಿಸಿದರು. 1541–42ರಲ್ಲಿ ಅಲ್ಲಿನ ಮುಖ್ಯ ಇಗರ್ಜಿ ಎದ್ದಿತು, 1548ರಲ್ಲಿ ಫ್ರಾಂಗೋಸ್ ಕತೆಲಾನೋಸ್ ಅದಕ್ಕೆ ಚಿತ್ರ ಬರೆದನು. ಸಾಮಗ್ರಿಯನ್ನು ಮೇಲಕ್ಕೆ ಸಾಗಿಸಲು 22 ವರ್ಷ, ಕಟ್ಟಲು ಕೇವಲ 20 ದಿನ ಹಿಡಿಯಿತು ಎಂಬುದು ಆ ಮಠದ ಐತಿಹ್ಯ. ಇಪ್ಪತ್ತು ದಿನದ ಮಾತನ್ನು ಅಕ್ಷರಶಃ ನಂಬಬೇಕಾಗಿಲ್ಲ. ಎಲ್ಲಿ ನಿಜವಾದ ಶ್ರಮವಿತ್ತು ಎಂಬುದನ್ನು ಮಾತ್ರ ಐತಿಹ್ಯ ಸರಿಯಾಗಿ ಹೇಳುತ್ತದೆ.

ಸುಲ್ತಾನರ ಕಾಲದಲ್ಲಿ ಎಲ್ಲವೂ ಸುಗಮವಾಗಿತ್ತೆಂದಲ್ಲ. 1568–69ರಲ್ಲಿ ಎರಡನೆಯ ಸಲೀಮ್ ಸುಲ್ತಾನನು ಸಾಮ್ರಾಜ್ಯದ ಮಠಗಳ ಭೂಮಿಯನ್ನೆಲ್ಲ ಮುಟ್ಟುಗೋಲು ಹಾಕಿ, ತಮ್ಮದೇ ಜಮೀನನ್ನು ಮಠಗಳು ಹಣ ಕೊಟ್ಟು ಬಿಡಿಸಿಕೊಳ್ಳುವಂತೆ ಮಾಡಿದನು. ಅದಕ್ಕೂ ಮೊದಲು ಬೈಜಾಂಟಿಯಂನ ಚಕ್ರವರ್ತಿಗಳೂ ಸರ್ಬಿಯಾದ ದೊರೆಗಳೂ ಬಂಗಾರದ ಮುದ್ರೆಯೊತ್ತಿದ ದತ್ತಿಪತ್ರಗಳ ಮೂಲಕ ಹಳ್ಳಿ, ಹೊಲ, ದ್ರಾಕ್ಷಿ ತೋಟಗಳನ್ನು ಉಂಬಳಿ ಬಿಟ್ಟಿದ್ದರು. ಬೈಜಾಂಟಿಯಂ ಅಳಿದ ಮೇಲೆ ಆ ಸ್ಥಾನಕ್ಕೆ ಡಾನ್ಯೂಬ್ ನದಿಯಾಚೆಯ ವಲಾಕಿಯಾ ಮತ್ತು ಮೊಲ್ಡಾವಿಯಾದ ಅರಸರು ಬಂದರು. ಬಂಡೆಯ ಮೇಲಿನ ಮಠ ಬದುಕಿದ್ದು ಬಂಡೆಯ ಕೆಳಗಿನ ಜಮೀನಿನಿಂದ. ಗ್ರೀಕರು ಇಂಥ ಮಠದ ಜಮೀನನ್ನು ಮೆತೋಖಿ ಎನ್ನುತ್ತಾರೆ. ಅಲ್ಲಿಂದ ಗೋದಿ, ಎಣ್ಣೆ, ದ್ರಾಕ್ಷಾರಸ ಬರುತ್ತಿತ್ತು.

ಅವು ಮೇಲೇರಿದ ಬಗೆ ಹೀಗೆ. ಮೊಟ್ಟಮೊದಲು ಹತ್ತಿದವರು ಬಂಡೆಯ ಬಿರುಕುಗಳಿಗೆ ಮರದ ಗೂಟ ಬಡಿದು, ಅವುಗಳ ಮೇಲೆ ಅಟ್ಟಣೆ ಕಟ್ಟುತ್ತ ಮೇಲೆ ಹೋದರೆಂದು ತಿಳಿಯಬೇಕು. ಹದ್ದಿನ ಬೆನ್ನೇರಿ ಅಥನಾಸಿಯೋಸನು ಹೋದನೆಂಬುದು ಭಕ್ತರ ಕಥೆ. ಆಮೇಲೆ ಒಂದಕ್ಕೊಂದು ಜೋಡಿಸಿದ ಏಣಿಗಳು ಬಂದವು. ಅಪಾಯದ ಸುಳಿವು ಸಿಕ್ಕರೆ ಅವನ್ನು ಮೇಲಕ್ಕೆ ಎಳೆದುಕೊಂಡರಾಯಿತು. ಭಾರದ ಸಾಮಾನಿಗೆ ಬಂಡೆಯ ಅಂಚಿನಲ್ಲಿ ಗೋಪುರ ಕಟ್ಟಿ, ಅದರೊಳಗೆ ನೆಟ್ಟಗೆ ನಿಂತ ದಿಮ್ಮಿಯೊಂದಕ್ಕೆ ಅಡ್ಡತೊಲೆಗಳನ್ನು ತೂರಿಸಿ, ಗಾಣ ತಿರುಗಿಸುವಂತೆ ನಾಲ್ಕಾರು ಸನ್ಯಾಸಿಗಳು ಸುತ್ತುತ್ತ ಹಗ್ಗ ಸುತ್ತುತ್ತಿದ್ದರು. ಹಗ್ಗದ ತುದಿಗೆ ಕೊಕ್ಕೆ, ಕೊಕ್ಕೆಗೆ ಬಲೆ. ಅದೇ ಬಲೆಯಲ್ಲಿ ಮನುಷ್ಯರೂ ಮಂಡಿ ಮಡಚಿ ಕುಳಿತು ಗಾಳಿಯಲ್ಲಿ ಗಿರಗಿರ ತಿರುಗುತ್ತ ಮೇಲೆ ಹೋಗಬೇಕಿತ್ತು. ಹಗ್ಗ ಬದಲಿಸುವುದು ಯಾವಾಗ ಎಂದು ಕೇಳಿದ್ದಕ್ಕೆ ‘ದೇವರು ಅದನ್ನು ಹರಿದಾಗ’ ಎಂದು ಸನ್ಯಾಸಿಯೊಬ್ಬ ಉತ್ತರಿಸಿದನೆಂಬ ಚಟಾಕಿಯನ್ನು ಅಲ್ಲಿಗೆ ಹೋದ ಪ್ರತಿಯೊಬ್ಬರಿಗೂ ಹೇಳುತ್ತಾರೆ. ವರ್ಲಾಮ್ ಮಠದಲ್ಲಿ ಆ ಗೋಪುರವನ್ನು ಈಗಲೂ ನೋಡಬಹುದು. ನೀರು ಮತ್ತು ದ್ರಾಕ್ಷಾರಸ ತುಂಬಿಡುತ್ತಿದ್ದ, ಹನ್ನೆರಡು ಸಾವಿರ ಲೀಟರು ಹಿಡಿಯುವ ಮರದ ಪೀಪಾಯಿಯೂ ಅಲ್ಲಿದೆ. ಕುಡಿಯುವ ನೀರನ್ನು ಮಾತ್ರ ಹಗ್ಗದಿಂದ ಎತ್ತಿ ಪೂರೈಸಲಾಗದು. ಬಂಡೆಯನ್ನೇ ಕೊರೆದು ಮಾಡಿದ ತೊಟ್ಟಿಗಳಿಗೆ ಮಾಡಿನ ಮಳೆನೀರನ್ನು ಹರಿಸುತ್ತಿದ್ದರು. ಹೂಳಲು ಮಣ್ಣೂ ಸಾಲದ ಜಾಗವದು. ತೀರಿಕೊಂಡವರ ಮೂಳೆಗಳನ್ನು ಕೆಲವು ಕಾಲದ ಮೇಲೆ ಹೊರತೆಗೆದು ತೊಳೆದು ಕೋಣೆಯೊಂದರಲ್ಲಿ ಇಡುವ ರೂಢಿ ಆಥೋಸ್ ಮತ್ತು ಸಿನಾಯ್‌ಗಳಲ್ಲಿದ್ದಂತೆ ಇಲ್ಲಿಯೂ ಇದ್ದು, ಮಹಾ ಮೆಟಿಯೋರೋನ್‌ನಲ್ಲಿ ಸಾಲಾಗಿ ಜೋಡಿಸಿದ ತಲೆಬುರುಡೆಗಳನ್ನು ಪ್ರವಾಸಿಗರು ಕಿಂಡಿಯಿಂದ ಇಣುಕಿ ನೋಡುತ್ತಾರೆ.

ಹದಿನೇಳನೆಯ ಶತಮಾನದಿಂದ ಇಳಿಗಾಲ. ಒಂದೊಂದಾಗಿ ಮಠಗಳು ಬಿದ್ದುಹೋದವು. 1881ರಲ್ಲಿ ಥೆಸಲಿ ಗ್ರೀಸ್ ರಾಜ್ಯಕ್ಕೆ ಸೇರಿದ ಮರುವರ್ಷವೇ ಸರ್ಕಾರವು ಇಲ್ಲಿನ ಹಲವು ಹಸ್ತಪ್ರತಿಗಳನ್ನು ಅಥೆನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಾಗಿಸಿತು. ಬಂಡೆಯಲ್ಲಿ ಮೆಟ್ಟಿಲು ಕಡಿದದ್ದು 1920ರ ದಶಕದಲ್ಲಿ. ಅಂದರೆ ಬಲೆಯಲ್ಲಿ ಏರಿದವರ ನೆನಪು ಅಷ್ಟೇನೂ ದೂರದ್ದಲ್ಲ. ಇಂದು ಆರು ಮಠಗಳಲ್ಲಿ ಸನ್ಯಾಸಜೀವನ ಉಳಿದಿದೆ: ಮಹಾ ಮೆಟಿಯೋರೋನ್, ವರ್ಲಾಮ್, ರುಸಾನು, ಸಂತ ನಿಕೊಲಾಸ್, ಪವಿತ್ರ ತ್ರಿತ್ವ ಮತ್ತು ಸಂತ ಸ್ತೇಫನ. ಎರಡನೆಯ ಮಹಾಯುದ್ಧ ಮತ್ತು ಅದರ ಬೆನ್ನಿಗೇ ಬಂದ ಅಂತರ್ಯುದ್ಧದಲ್ಲಿ ಬಹಳ ಹಾನಿಗೊಂಡಿದ್ದ ಸಂತ ಸ್ತೇಫನ ಮಠವು 1961ರಲ್ಲಿ ಸನ್ಯಾಸಿನಿಯರ ಕೈಗೆ ಬಂದು ಚೇತರಿಸಿಕೊಂಡಿತು. ರುಸಾನು ಕೂಡ 1988ರಿಂದ ಅವರದೇ. ಹೆಂಗಸರು ಏಣಿಯನ್ನೂ ಮುಟ್ಟಬಾರದು ಎಂಬ ಕಟ್ಟಳೆಯಿದ್ದ ಜಾಗದಲ್ಲಿ ಆಗಿರುವ ಬದಲಾವಣೆ ಇದು. ನೀವು ಹೋಗುವುದಾದರೆ, ಮಂಡಿನೋವಿರುವವರಿಗೆ ಸಂತ ಸ್ತೇಫನವೇ ಅನುಕೂಲ, ಏಕೆಂದರೆ ಸಣ್ಣ ಸೇತುವೆ ದಾಟಿದರೆ ಬಾಗಿಲು ಸಿಗುತ್ತದೆ. ವಾರದಲ್ಲಿ ಒಂದೊಂದು ಮಠ ಒಂದೊಂದು ದಿನ ಮುಚ್ಚಿರುತ್ತದೆ. ಹೆಂಗಸರು ಉದ್ದ ಲಂಗ, ಗಂಡಸರು ಪೂರ್ತಿ ಪ್ಯಾಂಟು ಧರಿಸಿರಬೇಕು.

ಕೊನೆಯದಾಗಿ ಬ್ರಹ್ಮಾವರದ ಪ್ರಶ್ನೆ. ಹೆಸರು ಒಂದಾದರೂ ಸಭೆ ಬೇರೆ. ಕ್ರಿಸ್ತನ ದೈವಿಕ ಮತ್ತು ಮಾನವ ಸ್ವಭಾವಗಳನ್ನು ಕುರಿತು 451ರ ಕ್ಯಾಲ್ಸೆಡೋನ್ ಮಹಾಸಭೆ ಕೊಟ್ಟ ತೀರ್ಮಾನವನ್ನು ಗ್ರೀಕರೂ ರೋಮಿನವರೂ ಒಪ್ಪಿದರು. ಅವರಿಬ್ಬರು ಬೇರೆಯಾದದ್ದು ಬಹಳ ಮುಂದೆ, ಸಾಮಾನ್ಯವಾಗಿ 1054ರಲ್ಲಿ ಎಂದು ಗುರುತಿಸುತ್ತಾರೆ. ಆದರೆ ಈಜಿಪ್ಟ್, ಇಥಿಯೋಪಿಯಾ, ಅರ್ಮೇನಿಯಾ ಮತ್ತು ಸಿರಿಯಾದ ಸಭೆಗಳು ಆ ತೀರ್ಮಾನವನ್ನು ಒಪ್ಪಲಿಲ್ಲ. ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆ ಈ ಎರಡನೆಯ ಬಳಗಕ್ಕೆ ಸೇರಿದ್ದು. ಪೋರ್ಚುಗಲ್ಲಿಗೂ ರೋಮಿಗೂ 1886ರಲ್ಲಿ ಆದ ಒಪ್ಪಂದದ ಸುತ್ತಲಿನ ಕಲಹದಲ್ಲಿ ರೋಮಿನಿಂದ ದೂರ ಸರಿದ ಗೋವಾ ಮೂಲದ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಈ ಸಭೆಯ ಬಿಷಪ್ ಆದರು. ಪಾದ್ರಿ ನೊರೊನ್ಹಾ ಅವರ ಮುಂದಾಳತ್ವದಲ್ಲಿ ಬ್ರಹ್ಮಾವರದ ಕೊಂಕಣಿ ಕುಟುಂಬಗಳು ಇದೇ ದಾರಿ ಹಿಡಿದವು. ಹೀಗಾಗಿ ಮೆಟಿಯೋರಾದ ಸನ್ಯಾಸಿಗಳು ಮತ್ತು ಬ್ರಹ್ಮಾವರದ ಭಕ್ತರು ಒಂದೇ ಪೂಜೆಯಲ್ಲಿ ಪರಮಪ್ರಸಾದ ಹಂಚಿಕೊಳ್ಳುವುದಿಲ್ಲ, ಆದರೂ ಈಜಿಪ್ಟಿನ ಅಂತೋಣಿ ಒಡಕಿಗಿಂತ ಹಿಂದಿನವನಾದ್ದರಿಂದ ಇಬ್ಬರಿಗೂ ಸಂತ. ಬ್ರಹ್ಮಾವರದ ಸಭೆಯ ಸ್ವಂತ ಬಳಗದಲ್ಲಿಯೇ ಬಂಡೆಯ ನೆತ್ತಿಯ ಮಠವನ್ನು ಹುಡುಕುವುದಾದರೆ ಇಥಿಯೋಪಿಯಾದ ಉತ್ತರ ತುದಿಗೆ, ತಿಗ್ರಾಯ್ ಸೀಮೆಯ ದೆಬ್ರೆ ದಾಮೋಗೆ ಹೋಗಬೇಕು. ಆರನೆಯ ಶತಮಾನದಲ್ಲಿ ಅರೆಗಾವಿ ಎಂಬ ಸಂತನು ಸ್ಥಾಪಿಸಿದನೆನ್ನುವ ಆ ಮಠ ಮೆಟಿಯೋರಾಕ್ಕಿಂತ ಸುಮಾರು ಎಂಟು ಶತಮಾನ ಹಿರಿಯದು. ಸಂತನನ್ನು ದೊಡ್ಡ ಹಾವೊಂದು ಮೇಲೆತ್ತಿತೆಂದು ಅಲ್ಲಿನವರು ಹೇಳುತ್ತಾರೆ. ಅಲ್ಲಿ ಯಾರೂ ಮೆಟ್ಟಿಲು ಕಡಿದಿಲ್ಲ. ಹೆಂಗಸರಿಗೆ ಇಂದಿಗೂ ಪ್ರವೇಶವಿಲ್ಲ; ಗಂಡಸರು ಸುಮಾರು 15 ಮೀಟರ್ ಎತ್ತರದ ಕಡಿದಾದ ಗೋಡೆಯನ್ನು ತೊಗಲಿನ ಹಗ್ಗ ಹಿಡಿದು ಹತ್ತುತ್ತಾರೆ, ಇನ್ನೊಂದು ಹಗ್ಗವನ್ನು ಸೊಂಟಕ್ಕೆ ಕಟ್ಟಿ ಮೇಲಿನಿಂದ ಸನ್ಯಾಸಿಯೊಬ್ಬ ಎಳೆದುಕೊಳ್ಳುತ್ತಾನೆ.